ಸಾರಾಯಿ ಅಂಗಡಿಯ ಹೊಸ್ತಿಲು

ಶಿಕಾರಿಪುರ, ಸೊರಬ ಸೀಮೆಯ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ತಾಳಗುಂದದ ಕದಂಬ ಶಾಸನದಿಂದ ಮೊದಲು ಮಾಡುತ್ತಾರೆ. ಬಳ್ಳಿಗಾವೆಯ ದೇಗುಲಗಳನ್ನೂ ಕುಬಟೂರಿನ ಕೈಟಭೇಶ್ವರನನ್ನೂ ಚಂದ್ರಗುತ್ತಿಯ ಕೋಟೆಯನ್ನೂ ನೆನೆಯುತ್ತಾರೆ. ಅಲ್ಲಮನೂ ಅಕ್ಕನೂ ಹುಟ್ಟಿದ ನೆಲವಿದೆಂಬ ಹೆಮ್ಮೆಯೂ ಸಹಜವಾದದ್ದೇ. ಆದರೆ ಕಲ್ಲಿನ ಮೇಲೆ ಬರೆಯಿಸಿಕೊಳ್ಳದೆ, ಮಣ್ಣಿನಲ್ಲೆದ್ದು ಮಣ್ಣಾಗಿಯೇ ಹೋದ ಕಟ್ಟಡಗಳಿಗೂ ಒಂದು ಚರಿತ್ರೆಯುಂಟು. ಇಂದು ನಾನು ಹೇಳಬೇಕೆಂದಿರುವುದು ಅಂಥದೊಂದರ ವಿಷಯ: ಕೂಲಿಕಾರರ ಸಾರಾಯಿ ಅಂಗಡಿ.

ನಾನು ಹುಡುಗನಾಗಿದ್ದಾಗ ಊರಂಚಿನಲ್ಲಿ, ಸೊರಬದ ಕಡೆಗೆ ಹೋಗುವ ದಾರಿಯ ಮಗ್ಗುಲಲ್ಲಿ, ಅಂಥ ಒಂದು ಅಂಗಡಿಯಿತ್ತು. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಒಳಗೆ ಎರಡು ಉದ್ದನೆಯ ಬೆಂಚು. ನಂಚಿಕೊಳ್ಳಲು ಹುರಿಗಡಲೆ, ಉಪ್ಪಿನಕಾಯಿ, ಬೇಯಿಸಿದ ಮೊಟ್ಟೆ. ಅಕ್ಕಿ ಗಿರಣಿಯ ಹಮಾಲರು, ಗಾಡಿ ಹೊಡೆಯುವವರು, ಗದ್ದೆಯ ಆಳುಗಳು ಸಂಜೆಗೆ ಅಲ್ಲಿ ಸೇರುತ್ತಿದ್ದರು. ಮುಂದಿನ ವಾರ ಯಾರ ಗದ್ದೆಯಲ್ಲಿ ಕೆಲಸ, ಯಾರು ಕೂಲಿ ಸರಿಯಾಗಿ ಕೊಡುವವರು, ಯಾರ ಮನೆಯಲ್ಲಿ ಸಾವಾಯಿತು ಎಂಬ ವರ್ತಮಾನಗಳೆಲ್ಲ ಅಲ್ಲಿಯೇ ತಿಳಿಯುತ್ತಿದ್ದುವು. ಊರಿನ ಯಾವ ಜಗುಲಿಯೂ ಕೂರಿಸದ ಮನುಷ್ಯನಿಗೆ ಅಲ್ಲಿನ ಬೆಂಚಿನ ಮೇಲೆ ಸ್ಥಳವಿತ್ತು. ಇದು ಹೊಸ್ತಿಲಿನ ಒಳಗಿನ ನೆನಪು.

ಹೊರಗಿನ ನೆನಪು ಬೇರೆ. ಬಟವಾಡೆಯ ದಿನ ಹೆಂಗಸರು ದೂರದಲ್ಲಿ ನಿಂತು, ಮಕ್ಕಳನ್ನು ಬಾಗಿಲವರೆಗೆ ಕಳುಹಿಸುತ್ತಿದ್ದರು. ‘ಅಪ್ಪಾ, ಅವ್ವ ಕರೀತಾಳೆ’ ಎಂಬ ಆ ಸಣ್ಣ ದನಿ ಒಳಗಿನ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು.

ಸಾರಾಯಿಗಿಂತ ಬಹು ಹಿಂದಿನದು ಬಗನಿಯ ಹೆಂಡ. ಮಲೆನಾಡಿನ ದೀವರು ಬೇಸಾಯದೊಡನೆ ಹೆಂಡವನ್ನಿಳಿಸುವ ಕಸುಬನ್ನೂ ನಡೆಸಿಕೊಂಡು ಬಂದವರು. ಬಗನಿಯ ಹೊಂಬಾಳೆಯನ್ನು ಹದವರಿತು ಕೊಯ್ದು, ಮಡಕೆ ಕಟ್ಟಿ ಇಳಿಸಿದ ರಸ ಬೆಳಗ್ಗೆ ಸಿಹಿ, ಬಿಸಿಲೇರಿದಂತೆ ಹುಳಿ. ಅದು ಬಹುದೂರ ಪಯಣ ಮಾಡಲಾರದು. ಆದುದರಿಂದ ಮರವಿದ್ದಲ್ಲಿಯೇ ಕುಡಿಯುವವರಿರಬೇಕಾಗಿತ್ತು. ಕಾಕಂಬಿಯಿಂದ ಭಟ್ಟಿಯಿಳಿಸಿದ ಸಾರಾಯಿಗಾದರೋ ಈ ಕಟ್ಟಿಲ್ಲ. ಅದು ಕೆಡುವುದಿಲ್ಲ, ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹೀಗಾಗಿ ಕುಡಿತದ ಲಾಭ ಮರವೇರುವವನ ಕೈಬಿಟ್ಟು, ಹರಾಜಿನಲ್ಲಿ ಹಕ್ಕು ಹಿಡಿದ ಗುತ್ತಿಗೆದಾರನ ಕೈಸೇರಿತು. ‘ಅಬಕಾರಿ’ ಎಂಬ ಪಾರಸಿ ಶಬ್ದಕ್ಕೆ ನೀರಿನ ಕೆಲಸವೆಂದು ಅರ್ಥ. ಮೈಸೂರು ಸಂಸ್ಥಾನದ ಕಾಲದಿಂದಲೂ ಬೊಕ್ಕಸಕ್ಕೆ ಈ ನೀರಿನ ಆದಾಯ ಸಣ್ಣದೇನಲ್ಲ. ಸರ್ಕಾರದ ಕಡತಗಳಲ್ಲಿ ಸಾರಾಯಿ ಅಂಗಡಿ ಉಳಿದಿರುವುದು ರೂಪಾಯಿಯ ಲೆಕ್ಕವಾಗಿ ಮಾತ್ರ. ಬೆಂಚಿನ ಮೇಲೆ ಕುಳಿತವನೂ ಬಾಗಿಲಲ್ಲಿ ನಿಂತವಳೂ ಅಲ್ಲಿ ಕಾಣಿಸುವುದಿಲ್ಲ.

ಸಾಹಿತ್ಯ ಅಷ್ಟು ಕುರುಡಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನೂ ಒಬ್ಬ. ಧರ್ಮೇಶ್ವರಲಿಂಗ ಎಂಬುದು ಅವನ ಅಂಕಿತ. ನಮ್ಮ ಕಾಲಕ್ಕೆ ಬಂದರೆ, ಜಿ. ಪಿ. ರಾಜರತ್ನಂ ಅವರ ರತ್ನನನ್ನು ಅರಿಯದ ಕನ್ನಡಿಗರಿಲ್ಲ. ಆದರೆ ರತ್ನನ ಪಕ್ಕದಲ್ಲಿ ಅವನ ಪುಟ್ನಂಜಿಯ ಕಷ್ಟವನ್ನೂ ಇಟ್ಟು ನೋಡಬೇಕೆಂಬ ಮಾತನ್ನು ನಾವು ತಡವಾಗಿ ಕಲಿತೆವು. ಅದನ್ನು ಕಲಿಸಿದವರು ಬೀದಿಗಿಳಿದ ಜನ. ಭದ್ರಾವತಿಯ ಪ್ರೊ. ಬಿ. ಕೃಷ್ಣಪ್ಪನವರು ಮುಂದೆ ನಿಂತು ಕಟ್ಟಿದ ದಲಿತ ಸಂಘರ್ಷ ಸಮಿತಿ, ನಮಗೆ ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಕೇಳಿತು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಅಂಗಡಿಗಳ ಮುಂದೆಯೇ ಎದ್ದು ನಿಂತರು. ಮರುವರ್ಷ ಅಲ್ಲಿ ಸಾರಾಯಿ ನಿಷೇಧವಾಯಿತು.

ನಮ್ಮಲ್ಲಿ ಆ ದಿನ ಬಂದದ್ದು 2007ರ ಜುಲೈ 1ರಂದು. ಆ ವರ್ಷದ ಆಯವ್ಯಯವನ್ನು ಮಂಡಿಸಿದ ಅರ್ಥಸಚಿವರು ಶಿಕಾರಿಪುರದ ಶಾಸಕರೇ ಆದ ಬಿ. ಎಸ್. ಯಡಿಯೂರಪ್ಪನವರು. ನೆರೆಯ ಸೊರಬದ ಕುಬಟೂರಿನಲ್ಲಿ, ದೀವರ ಸಮಾಜದಲ್ಲಿ ಹುಟ್ಟಿದ ಎಸ್. ಬಂಗಾರಪ್ಪನವರು ಅದಕ್ಕೆ ಮೊದಲೇ, 1990ರಿಂದ 1992ರವರೆಗೆ, ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಬಗನಿಯ ನೆರಳಿನ ಸೀಮೆ ವಿಧಾನಸೌಧದವರೆಗೆ ನಡೆದುಹೋದ ದಾರಿ ಇದು.

ನಾನು ಹೇಳಿದ ಅಂಗಡಿ ಈಗಿಲ್ಲ. ಬೀಗ ಬಿದ್ದ ಕೆಲವು ಮಳೆಗಾಲಗಳಲ್ಲಿ ಮಾಡು ಕುಸಿಯಿತು. ಉಳಿದ ಗೋಡೆಯನ್ನು ಕೆಡವಿದರು. ಕುಡಿತ ನಿಂತಿತೇ ಎಂದು ಕೇಳಿದರೆ, ನಿಂತಿತೆನ್ನುವ ಧೈರ್ಯ ನನಗಿಲ್ಲ. ಸಾರಾಯಿ ಹೋಯಿತು, ಅಗ್ಗದ ವಿಸ್ಕಿಯೂ ರಮ್ಮೂ ಉಳಿದುವು. ಬೆಂಚು ಮಾತ್ರ ಉಳಿಯಲಿಲ್ಲ. ಕೊಂಡು, ಒಬ್ಬನೇ ಮರೆಯಲ್ಲಿ ನಿಂತು ಕುಡಿದು ಹೋಗುವವನಿಗೆ ಈಗ ಮುಂದಿನ ವಾರದ ಕೆಲಸದ ಸುದ್ದಿಯನ್ನು ಹೇಳುವವರಿಲ್ಲ.

ಆ ಗೋಡೆ ಬಿದ್ದುದಕ್ಕೆ ನಾನು ಮರುಗಬೇಕೆ? ಒಳಗೆ ಕುಳಿತಿದ್ದವರನ್ನು ನೆನೆದರೆ ಸ್ವಲ್ಪ ಮರುಗುತ್ತೇನೆ. ಬಾಗಿಲಲ್ಲಿ ನಿಂತಿದ್ದ ಮಗುವನ್ನು ನೆನೆದರೆ ಮರುಗಲಾರೆ. ಈ ಎರಡು ನೆನಪುಗಳಲ್ಲಿ ಒಂದನ್ನಷ್ಟೇ ಇಟ್ಟುಕೊಂಡು ಚರಿತ್ರೆಯನ್ನು ಬರೆದರೆ ಅದು ಅರ್ಧ ಚರಿತ್ರೆ. ದುಡಿದು ದಣಿದವನಿಗೆ ಕೂರಲೊಂದು ಬೆಂಚು, ಅವನ ಮನೆಯ ಒಲೆಗೆ ಪೂರ್ತಿ ಕೂಲಿ, ಇವೆರಡನ್ನೂ ಒಟ್ಟಿಗೆ ಕೊಡುವ ಕಟ್ಟಡವನ್ನು ನಮ್ಮ ಊರು ಇನ್ನೂ ಕಟ್ಟಬೇಕಾಗಿದೆ.