ಪವರ್ ಬ್ಯಾಂಕ್ ಕೊಳ್ಳುವ ಮುನ್ನ: ಬಿಸಿಲು ನಾಡಿಗೆ ಒಪ್ಪುವುದು ಯಾವುದು?

ಕಲಬುರಗಿ: ಮೊಬೈಲ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟ ಪವರ್ ಬ್ಯಾಂಕ್‌ಗಳ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಒಂದೇ ಅಂಕಿ: 10000, 20000, 30000. ಗ್ರಾಹಕರು ಕೇಳುವುದೂ ಅದನ್ನೇ, ಅಂಗಡಿಯವರು ಹೇಳುವುದೂ ಅದನ್ನೇ. ಆದರೆ ಆ ಸಾಧನ ಎಷ್ಟು ಉಪಯುಕ್ತ, ಎಷ್ಟು ಸುರಕ್ಷಿತ ಎಂಬುದನ್ನು ತಿಳಿಸುವ ಅಂಕಿಗಳು ಪೆಟ್ಟಿಗೆಯ ಹಿಂಬದಿಯಲ್ಲಿ, ಕಣ್ಣು ಕಿರಿದಾಗಿಸಿ ಓದಬೇಕಾದ ಅಕ್ಷರಗಳಲ್ಲಿರುತ್ತವೆ. ಮೇ ತಿಂಗಳಲ್ಲಿ 42-43 ಡಿಗ್ರಿ ಸೆಲ್ಸಿಯಸ್ ತಾಪಮಾನ ಹೊಸತೇನಲ್ಲದ ಕಲಬುರಗಿಯಂಥ ಊರಿನಲ್ಲಿ ಆ ಸಣ್ಣ ಅಕ್ಷರಗಳ ಮಹತ್ವ ಬೆಂಗಳೂರಿಗಿಂತ ಒಂದು ಕೈ ಹೆಚ್ಚು.

ಪವರ್ ಬ್ಯಾಂಕ್ ಇಂದು ಪ್ರಯಾಣಿಕರ ಶೋಕಿಯ ವಸ್ತುವಾಗಿ ಉಳಿದಿಲ್ಲ. ಶರಣಸಿರಸಗಿಯಿಂದ ನಿತ್ಯ ನಗರಕ್ಕೆ ಬಂದು ಹೋಗುವ ವಿದ್ಯಾರ್ಥಿಗೆ ತರಗತಿಯ ಟಿಪ್ಪಣಿಯಿಂದ ಹಿಡಿದು ಹಣ ಪಾವತಿಯವರೆಗೆ ಎಲ್ಲವೂ ಫೋನಿನಲ್ಲೇ. 2020ರಿಂದ ರೈತರೇ ಸ್ವತಃ ಆ್ಯಪ್ ಮೂಲಕ ಬೆಳೆ ಸಮೀಕ್ಷೆಯ ವಿವರ ದಾಖಲಿಸುವ ವ್ಯವಸ್ಥೆ ಬಂದಿದೆ. ಹೊಲದಲ್ಲಿ ನಿಂತು ಜಿಪಿಎಸ್ ಮತ್ತು ಕ್ಯಾಮೆರಾ ಎರಡನ್ನೂ ಒಟ್ಟಿಗೆ ಬಳಸಿದರೆ ಬ್ಯಾಟರಿ ಎಷ್ಟು ಬೇಗ ಇಳಿಯುತ್ತದೆ ಎಂಬುದು ಕಮಲಾಪುರದ ಬಾಳೆ ಬೆಳೆಗಾರರಿಗೂ ತೊಗರಿ ಬೆಳೆಗಾರರಿಗೂ ಗೊತ್ತು. ಏಪ್ರಿಲ್-ಮೇ ತಿಂಗಳ ಗಾಳಿ ಮಳೆಗೆ ವಿದ್ಯುತ್ ಕಂಬ ಉರುಳಿತೆಂದರೆ ಸಂಜೆಯವರೆಗೆ, ಕೆಲವೊಮ್ಮೆ ಮರುದಿನದವರೆಗೆ ಕಾಯುವುದು ಅನಿವಾರ್ಯ.

ಹತ್ತು ಸಾವಿರ ಎಂದರೆ ಹತ್ತು ಸಾವಿರವಲ್ಲ

ಎಂಎಎಚ್ ಎಂಬುದು ಮಿಲಿ ಆಂಪಿಯರ್ ಅವರ್ ಎಂಬುದರ ಸಂಕ್ಷಿಪ್ತ ರೂಪ. 10000 ಎಂಎಎಚ್ ಎಂದು ಬರೆದಿರುವ ಪವರ್ ಬ್ಯಾಂಕ್‌ನಿಂದ 5000 ಎಂಎಎಚ್ ಫೋನನ್ನು ಎರಡು ಸಲ ಪೂರ್ತಿ ಚಾರ್ಜ್ ಮಾಡಬಹುದು ಎಂದು ಲೆಕ್ಕ ಹಾಕುವವರೇ ಬಹಳ. ವಾಸ್ತವದಲ್ಲಿ ಸಿಗುವುದು ಸುಮಾರು ಒಂದೂವರೆ ಸಲ ಮಾತ್ರ. ಇದು ಮೋಸವಲ್ಲ, ವಿದ್ಯುತ್ತಿನ ಲೆಕ್ಕ.

ಒಳಗಿರುವ ಲಿಥಿಯಂ ಸೆಲ್‌ನ ವೋಲ್ಟೇಜ್ ಸಾಮಾನ್ಯವಾಗಿ 3.7. ಹತ್ತು ಸಾವಿರ ಎಂಬ ಅಂಕಿ ಆ ವೋಲ್ಟೇಜಿನದು. ಹತ್ತು ಆಂಪಿಯರ್ ಅವರ್‌ನ್ನು 3.7ರಿಂದ ಗುಣಿಸಿದರೆ 37 ವಾಟ್-ಅವರ್ ಬರುತ್ತದೆ. ಸಾಧನದಲ್ಲಿ ನಿಜವಾಗಿ ಶೇಖರವಾಗಿರುವ ಶಕ್ತಿ ಇದೇ. ಫೋನಿಗೆ ಹರಿಸಲು ಇದನ್ನು 5 ವೋಲ್ಟ್ ಅಥವಾ ಅದಕ್ಕಿಂತ ಮೇಲಕ್ಕೆ ಏರಿಸಬೇಕು. ಏರಿಸುವಾಗ ಒಂದಷ್ಟು ಶಕ್ತಿ ಶಾಖವಾಗಿ ಸೋರಿಹೋಗುತ್ತದೆ, ಫೋನಿನೊಳಗೆ ಇನ್ನಷ್ಟು. ಒಳ್ಳೆಯ ತಯಾರಕರು ಪೆಟ್ಟಿಗೆಯ ಹಿಂಬದಿಯಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಎಂದು ಬೇರೆಯಾಗಿ ನಮೂದಿಸುತ್ತಾರೆ. 10000ದ ಸಾಧನಕ್ಕೆ ಅದು 6000ದ ಆಸುಪಾಸಿನಲ್ಲಿದ್ದರೆ ಗಾಬರಿಯಾಗಬೇಕಿಲ್ಲ. ಈ ಎರಡನೆಯ ಅಂಕಿಯನ್ನೇ ಬರೆಯದವರ ಬಗ್ಗೆ ಸಂಶಯ ಪಡುವುದು ಲೇಸು.

ವಾಟ್-ಅವರ್ ಲೆಕ್ಕ ಗೊತ್ತಿದ್ದರೆ ನಕಲಿ ಮಾಲನ್ನು ಗುರುತಿಸಲು ಕಿರಾಣಿ ಅಂಗಡಿಯ ತಕ್ಕಡಿಯೇ ಸಾಕು. ಇಂದಿನ ಸಾಮಾನ್ಯ ಲಿಥಿಯಂ ಅಯಾನ್ ಸೆಲ್‌ಗಳು ಒಂದು ಕಿಲೊ ತೂಕಕ್ಕೆ ಹೆಚ್ಚೆಂದರೆ 250 ವಾಟ್-ಅವರ್ ಅಥವಾ ಅದಕ್ಕಿಂತ ತುಸು ಹೆಚ್ಚು ಶಕ್ತಿಯನ್ನು ಹಿಡಿದಿಡುತ್ತವೆ. ರಸ್ತೆ ಬದಿಯಲ್ಲಿ ಅಗ್ಗದ ದರಕ್ಕೆ ಮಾರುವ ‘50000’ ಎಂಬ ಪವರ್ ಬ್ಯಾಂಕ್ ನಿಜವೇ ಆಗಿದ್ದರೆ ಅದರಲ್ಲಿ 185 ವಾಟ್-ಅವರ್ ಇರಬೇಕು. ಎಂದರೆ ಸೆಲ್‌ಗಳೇ ಮುಕ್ಕಾಲು ಕಿಲೊ ತೂಗಬೇಕು. ಅದು ಅಂಗೈಯಲ್ಲಿ ಹಗುರವಾಗಿ ಕುಳಿತರೆ ಮೇಲಿನ ಅಂಕಿ ಬರೀ ಮುದ್ರಣ ಎಂದು ತಿಳಿಯಬಹುದು. ಸಾಮಾನ್ಯವಾಗಿ 10000ದ ನಂಬಿಕಸ್ತ ಸಾಧನ 180ರಿಂದ 230 ಗ್ರಾಂ, 20000ದ್ದು 350ರಿಂದ 450 ಗ್ರಾಂ ತೂಗುತ್ತದೆ. ಆದರೂ ತೂಕವೊಂದನ್ನೇ ನಂಬುವಂತಿಲ್ಲ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ಬಿಚ್ಚಿದ ಸೆಲ್‌ಗಳನ್ನು ಹೊಸ ಕವಚದಲ್ಲಿ ತುಂಬಿ ಮಾರುವುದೂ ಉಂಟು.

ಆರ್ ಅಕ್ಷರದ ಸಂಖ್ಯೆ ಹುಡುಕಿ

ಭಾರತದಲ್ಲಿ ಪವರ್ ಬ್ಯಾಂಕ್ ಮಾರಲು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಬೇಕು. ಸಾಧನದ ಮೇಲೆ ಬಿಐಎಸ್‌ನ ಮಾನಕ ಗುರುತಿನ ಜೊತೆ ಆರ್ ಎಂಬ ಇಂಗ್ಲಿಷ್ ಅಕ್ಷರ, ಅದರ ಮುಂದೆ ಎಂಟು ಅಂಕಿಗಳು ಅಚ್ಚಾಗಿರುತ್ತವೆ. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಆದ್ದರಿಂದ ಅದನ್ನು ನೋಡಿದ ಮಾತ್ರಕ್ಕೆ ಸುಮ್ಮನಾಗಬಾರದು. ‘ಬಿಐಎಸ್ ಕೇರ್’ ಎಂಬ ಉಚಿತ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ನಮೂದಿಸಿದರೆ ನೋಂದಣಿ ಯಾರ ಹೆಸರಿನಲ್ಲಿದೆ, ಯಾವ ವಸ್ತುವಿಗೆ ಸಂಬಂಧಿಸಿದ್ದು, ಅದು ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ತೆರೆಯ ಮೇಲೆ ಬರುತ್ತದೆ. ಅಂಗಡಿಯ ಮುಂದೆ ನಿಂತೇ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ. ಸಂಖ್ಯೆ ಚಾರ್ಜರಿಗೋ ಇಯರ್‌ಫೋನಿಗೋ ಸೇರಿದ್ದೆಂದು ತೋರಿಸಿದರೆ ಆ ಸಾಧನವನ್ನು ಅಲ್ಲೇ ಬಿಟ್ಟು ಬರುವುದು ಉತ್ತಮ.

ಬಿಲ್ ಕೇಳುವುದಕ್ಕೆ ಸಂಕೋಚ ಬೇಡ. 2019ರ ಜನವರಿ 1ರಿಂದ ಲಿಥಿಯಂ ಪವರ್ ಬ್ಯಾಂಕ್‌ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ ಇಲ್ಲದೆ ಕೊಂಡ ವಸ್ತುವಿಗೆ ವಾರಂಟಿಯೂ ಇಲ್ಲ, ಗ್ರಾಹಕ ವೇದಿಕೆಗೆ ಹೋಗಲು ಆಧಾರವೂ ಇಲ್ಲ.

ಹೆಸರಾಂತ ಕಂಪನಿಯದಾದರೆ ಚಿಂತೆಯೇ ಇಲ್ಲ ಎನ್ನುವಂತೆಯೂ ಇಲ್ಲ. 2025ರ ಜೂನ್‌ನಲ್ಲಿ ಆಂಕರ್ ಕಂಪನಿ ಅಮೆರಿಕದಲ್ಲಿ ಮಾರಾಟವಾಗಿದ್ದ ತನ್ನ 10000 ಎಂಎಎಚ್‌ನ ಒಂದು ಮಾದರಿಯ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕ್‌ಗಳನ್ನು ಬೆಂಕಿಯ ಅಪಾಯದ ಕಾರಣಕ್ಕೆ ವಾಪಸು ಕರೆಸಿಕೊಂಡಿತು. ಹಾಗೆ ಕರೆಸಿಕೊಳ್ಳಲು ಒಂದು ಹೆಸರು, ಒಂದು ಮಾದರಿ ಸಂಖ್ಯೆ ಇತ್ತು ಎಂಬುದೇ ಇಲ್ಲಿನ ವ್ಯತ್ಯಾಸ. ಹೆಸರಿಲ್ಲದ ಮಾಲು ಕೆಟ್ಟರೆ ತಿಳಿಸುವವರು ಯಾರೂ ಇರುವುದಿಲ್ಲ.

ಬಿಸಿಲೇ ದೊಡ್ಡ ಶತ್ರು

ಲಿಥಿಯಂ ಅಯಾನ್ ಸೆಲ್‌ಗಳನ್ನು ಚಾರ್ಜ್ ಮಾಡಲು ತಯಾರಕರು ಹಾಕುವ ಮಿತಿ ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್. ಅದರಿಂದ ವಿದ್ಯುತ್ ಪಡೆಯಲು ಮಿತಿ 60 ಡಿಗ್ರಿ. ಹೊರಗಿನ ನೆರಳಿನಲ್ಲೇ 43 ಡಿಗ್ರಿ ಇರುವ ಮಧ್ಯಾಹ್ನ, ಚಾರ್ಜಿಂಗ್‌ನಿಂದ ತಾನೇ ಬಿಸಿಯಾಗುವ ಸಾಧನಕ್ಕೆ ಉಳಿಯುವ ಅಂತರ ಬೆರಳೆಣಿಕೆಯಷ್ಟು ಡಿಗ್ರಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಬೈಕಿನ ಟ್ಯಾಂಕ್ ಮೇಲಿನ ಚೀಲ, ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಗಳೂ ಇದಕ್ಕೆ ಹೊರತಲ್ಲ. ಜೇವರ್ಗಿ ರಸ್ತೆಯಲ್ಲೋ ಸೇಡಂ ರಸ್ತೆಯಲ್ಲೋ ಗಾಡಿ ನಿಲ್ಲಿಸಿ ಅರ್ಧ ಗಂಟೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಒಳಗಿನ ಸಾಧನ ಕಾದ ಹೆಂಚಾಗಿರುತ್ತದೆ.

ಹೆಚ್ಚು ಶಾಖದಲ್ಲಿ ಸೆಲ್ ಮೊದಲು ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಬೇಸಿಗೆ ಎರಡು ಕಳೆಯುವುದರೊಳಗೆ ‘ಮೊದಲಿನಂತೆ ಚಾರ್ಜ್ ನಿಲ್ಲುವುದಿಲ್ಲ’ ಎಂಬ ದೂರು ಬರುವುದು ಬಹುಪಾಲು ಇದರಿಂದಲೇ. ಬಳಿಕ ಒಳಗೆ ಅನಿಲ ಉತ್ಪತ್ತಿಯಾಗಿ ಸೆಲ್ ಉಬ್ಬುತ್ತದೆ. ಒಳಗಿನ ತೆಳು ಪದರ ಹರಿದು ಎರಡು ಧ್ರುವಗಳು ತಾಗಿದರೆ ತಾಪ ತಾನೇ ತಾನಾಗಿ ಏರುತ್ತಾ ಹೋಗಿ ಬೆಂಕಿ ಹೊತ್ತುತ್ತದೆ. ಆದ್ದರಿಂದ ಪೂರ್ತಿ ಚಾರ್ಜ್ ಆದ ಪವರ್ ಬ್ಯಾಂಕನ್ನು ಬಿಸಿಲಲ್ಲಿ ಬಿಡುವುದು ಎಲ್ಲಕ್ಕಿಂತ ಅಪಾಯಕಾರಿ. ವಾರಗಟ್ಟಲೆ ಬಳಸದಿದ್ದರೆ ಅರ್ಧದಷ್ಟು ಚಾರ್ಜಿನಲ್ಲಿ, ತಂಪಾದ ಕಪಾಟಿನಲ್ಲಿ ಇಡಬೇಕು. ದಿಂಬಿನ ಕೆಳಗೆ, ಹಾಸಿಗೆಯ ಮೇಲೆ ಇಟ್ಟು ರಾತ್ರಿಯಿಡೀ ಚಾರ್ಜ್ ಮಾಡುವ ಅಭ್ಯಾಸ ಬಿಡಬೇಕು. ನೆಲದ ಹಾಸುಗಲ್ಲು ಇದಕ್ಕೆ ಒಳ್ಳೆಯ ಜಾಗ.

ಬಿಸಿಲು ನಾಡು ಎಂದ ಮೇಲೆ ಸೌರಫಲಕವಿರುವ ಪವರ್ ಬ್ಯಾಂಕ್ ಇಲ್ಲಿಗೆ ಹೇಳಿ ಮಾಡಿಸಿದ್ದು ಎಂದು ತೋರುವುದು ಸಹಜ. ಲೆಕ್ಕ ಬೇರೆಯೇ ಹೇಳುತ್ತದೆ. ಅಂಗೈ ಅಗಲದ ಫಲಕ ನೆತ್ತಿಯ ಮೇಲಿನ ಸೂರ್ಯನಿಂದ ಪಡೆಯುವುದು ಒಂದು-ಒಂದೂವರೆ ವಾಟ್. 20000ದ ಸಾಧನದ 74 ವಾಟ್-ಅವರ್ ತುಂಬಲು ಅದಕ್ಕೆ 50 ಗಂಟೆಗೂ ಹೆಚ್ಚು ಕಾಲದ ಪ್ರಖರ ಬಿಸಿಲು ಬೇಕು. ಅಷ್ಟು ದಿನ ಅದನ್ನು ಮಾಳಿಗೆಯ ಮೇಲೆ ಒಣಹಾಕುವುದೆಂದರೆ ಬ್ಯಾಟರಿಯನ್ನು ಫಲಕದ ಜೊತೆ ಬೇಯಿಸಿದಂತೆ. ಸೌರಶಕ್ತಿಯೇ ಬೇಕೆನ್ನುವವರು ಫಲಕವನ್ನು ಬೇರೆಯಾಗಿ ಕೊಂಡು, ಉದ್ದ ಕೇಬಲ್ ಹಾಕಿ, ಪವರ್ ಬ್ಯಾಂಕನ್ನು ನೆರಳಿನಲ್ಲಿ ಇಡಬಹುದು. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಇರುವ ಸಾಧನಗಳು ಶಾಖವನ್ನು ಹೆಚ್ಚು ತಾಳುತ್ತವೆ. ಆದರೆ ಅಷ್ಟೇ ಸಾಮರ್ಥ್ಯಕ್ಕೆ ಗಾತ್ರ, ತೂಕ ಎರಡೂ ಹೆಚ್ಚು. ಜೇಬಿಗಿಂತ ಮನೆಗೆ ಅವು ಸೂಕ್ತ.

ನಿಮಗೆ ಎಷ್ಟು ಬೇಕು?

ದಿನದ ಓಡಾಟಕ್ಕೆ, ಒಂದೇ ಫೋನಿಗೆ 10000 ಎಂಎಎಚ್ ಸಾಕು. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರಿಗೂ ಸಾಮಾನ್ಯವಾಗಿ ಇಷ್ಟೇ ಸಾಕು. ಆದರೆ ಹತ್ತುವ ಮೊದಲೇ ತುಂಬಿಸಿಕೊಂಡಿರಬೇಕು. ಬೆಂಕಿ ಅವಘಡ ತಪ್ಪಿಸಲು ರಾತ್ರಿ 11ರಿಂದ ಬೆಳಗಿನ 5ರವರೆಗೆ ಬೋಗಿಗಳ ಚಾರ್ಜಿಂಗ್ ಪಾಯಿಂಟ್‌ಗಳ ವಿದ್ಯುತ್ ಕಡಿತಗೊಳಿಸುವ ಕ್ರಮವನ್ನು ರೈಲ್ವೆ 2021ರಲ್ಲಿ ಬಿಗಿಗೊಳಿಸಿದೆ. ಇಬ್ಬರು ಮೂವರಿರುವ ಕುಟುಂಬ ಎರಡು ದಿನದ ಪ್ರವಾಸಕ್ಕೆ ಹೊರಟರೆ 20000ದ್ದು ಸೂಕ್ತ. ಅದಕ್ಕಿಂತ ಮೇಲಿನದು ಬಹುತೇಕರಿಗೆ ಹೊರೆ.

ದೊಡ್ಡ ಪವರ್ ಬ್ಯಾಂಕ್‌ನ ಇನ್ನೊಂದು ಕಷ್ಟವನ್ನು ಅಂಗಡಿಯವರು ಹೇಳುವುದಿಲ್ಲ: ಅದನ್ನು ತುಂಬಿಸಲು ತಗಲುವ ಸಮಯ. ಹಳೆಯ 10 ವಾಟ್ ಚಾರ್ಜರ್‌ಗೆ ಸಿಕ್ಕಿಸಿದರೆ 20000ದ ಸಾಧನ ತುಂಬಲು ಒಂಬತ್ತು ಗಂಟೆಯಾದರೂ ಬೇಕು. 18 ವಾಟ್ ಆದರೆ ಐದು ಗಂಟೆ. ವಿದ್ಯುತ್ ಬಂದು ಹೋಗುವ ಊರಿನಲ್ಲಿ ಹೊರಹರಿವಿನ ವೇಗಕ್ಕಿಂತ ಒಳಹರಿವಿನ ವೇಗವನ್ನೇ ಮೊದಲು ನೋಡಬೇಕು. ಪೆಟ್ಟಿಗೆಯ ಮೇಲೆ ‘ಇನ್‌ಪುಟ್’ ಎಂಬಲ್ಲಿ 18 ವಾಟ್ ಅಥವಾ ಹೆಚ್ಚಿದ್ದರೆ ಒಳ್ಳೆಯದು.

ಹೊರಹರಿವಿನಲ್ಲಿ ಟೈಪ್-ಸಿ ಪೋರ್ಟ್ ಮತ್ತು ‘ಪವರ್ ಡೆಲಿವರಿ’ ಎಂಬ ಮಾನಕಕ್ಕೆ ಬೆಂಬಲ ಇರಬೇಕು. ಕೆಲವು ಕಂಪನಿಗಳ ಫೋನ್‌ಗಳ 65 ವಾಟ್, 80 ವಾಟ್ ವೇಗ ಅವುಗಳದೇ ಚಾರ್ಜರ್, ಕೇಬಲ್‌ಗಳಿಗೆ ಸೀಮಿತ. ಪವರ್ ಬ್ಯಾಂಕ್‌ನಲ್ಲಿ ಆ ವೇಗ ಸಿಗದಿದ್ದರೆ ಅದು ಪವರ್ ಬ್ಯಾಂಕ್‌ನ ದೋಷವಲ್ಲ. ಲ್ಯಾಪ್‌ಟಾಪ್‌ಗೆ ಕನಿಷ್ಠ 45 ವಾಟ್, ಹಲವಕ್ಕೆ 65 ವಾಟ್ ಬೇಕಾಗುತ್ತದೆ. ಸ್ಮಾರ್ಟ್ ವಾಚ್, ಕಿವಿಯ ಬಡ್ಸ್‌ಗಳಂಥ ಸಣ್ಣ ಸಾಧನಗಳು ಎಳೆಯುವ ವಿದ್ಯುತ್ ತೀರಾ ಕಡಿಮೆಯಾದ್ದರಿಂದ ಪವರ್ ಬ್ಯಾಂಕ್ ‘ಯಾರೂ ಇಲ್ಲ’ ಎಂದುಕೊಂಡು ತಾನೇ ಆರಿಹೋಗುತ್ತದೆ. ಅಂಥವು ಇದ್ದರೆ ‘ಲೋ ಕರೆಂಟ್ ಮೋಡ್’ ಉಂಟೇ ಎಂದು ಕೇಳಿ ಕೊಳ್ಳಬೇಕು.

ಮನೆಯಿಂದ ಕೆಲಸ ಮಾಡುವವರು ಕರೆಂಟ್ ಹೋದಾಗ ವೈಫೈ ರೂಟರ್ ನಡೆಸಲು ಪವರ್ ಬ್ಯಾಂಕ್ ಬಳಸುತ್ತಾರೆ. ಬಹುತೇಕ ರೂಟರ್‌ಗಳಿಗೆ 12 ವೋಲ್ಟ್ ಬೇಕು, ಅದಕ್ಕೆ ವೋಲ್ಟೇಜ್ ಏರಿಸುವ ಕೇಬಲ್ ಸಿಗುತ್ತದೆ. ಏಳೆಂಟು ವಾಟ್ ಎಳೆಯುವ ರೂಟರ್ 10000ದ ಸಾಧನದಲ್ಲಿ ನಾಲ್ಕು ಗಂಟೆ ನಡೆಯಬಹುದು. ಆದರೆ ದಿನವಿಡೀ ಪ್ಲಗ್‌ನಲ್ಲಿಟ್ಟು ಬಳಸಲು ಪವರ್ ಬ್ಯಾಂಕ್‌ಗಳನ್ನು ರೂಪಿಸಿಲ್ಲ. ಆ ಕೆಲಸಕ್ಕೆ ಪ್ರತ್ಯೇಕ ಮಿನಿ ಯುಪಿಎಸ್ ಕೊಳ್ಳುವುದೇ ಸರಿ.

ವಿಮಾನ ಹತ್ತುವವರಿಗೆ

ವಿಮಾನ ಪ್ರಯಾಣಿಕರು ನೆನಪಿಡಬೇಕಾದ ಅಂಕಿ 100 ವಾಟ್-ಅವರ್. ಅದರೊಳಗಿನ ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗಿನದಕ್ಕೆ ವಿಮಾನಯಾನ ಸಂಸ್ಥೆಯ ಅನುಮತಿ ಬೇಕು, ಅದಕ್ಕೂ ಮೇಲಿನದು ಒಯ್ಯುವಂತೆಯೇ ಇಲ್ಲ. ಚೆಕ್-ಇನ್ ಲಗೇಜಿನಲ್ಲಿ ಯಾವುದನ್ನೂ ಇಡುವಂತಿಲ್ಲ. 20000 ಎಂಎಎಚ್ ಎಂದರೆ 74 ವಾಟ್-ಅವರ್, ಅಡ್ಡಿಯಿಲ್ಲ. ಸಾಮರ್ಥ್ಯದ ಅಚ್ಚು ಅಳಿಸಿಹೋಗಿದ್ದರೆ ಭದ್ರತಾ ಸಿಬ್ಬಂದಿ ತಡೆಯಬಹುದು.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದು ಹೊತ್ತಿ ಉರಿಯಿತು. ಒಳಗಿದ್ದ 176 ಮಂದಿಯೂ ಪಾರಾದರು. ಪವರ್ ಬ್ಯಾಂಕ್ ಕಾರಣವಾಗಿರಬಹುದೆಂದು ತನಿಖಾಧಿಕಾರಿಗಳು ತಿಳಿಸಿದರು. ಅದೇ ವರ್ಷದ ಅಕ್ಟೋಬರ್ 19ರಂದು ದೆಹಲಿಯಿಂದ ದಿಮಾಪುರಕ್ಕೆ ಹೊರಟಿದ್ದ ಇಂಡಿಗೊ ವಿಮಾನ ರನ್‌ವೇಯತ್ತ ಸಾಗುತ್ತಿದ್ದಾಗ ಪ್ರಯಾಣಿಕರೊಬ್ಬರ ಪವರ್ ಬ್ಯಾಂಕ್‌ಗೆ ಬೆಂಕಿ ಹತ್ತಿತು. ಸಿಬ್ಬಂದಿ ಕೂಡಲೇ ನಂದಿಸಿದರು. ಎಮಿರೇಟ್ಸ್ ಸಂಸ್ಥೆ 2025ರ ಅಕ್ಟೋಬರ್ 1ರಿಂದ ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಕೆಯನ್ನು ನಿಷೇಧಿಸಿದೆ. ನಿಯಮಗಳು ಬಿಗಿಯಾಗುತ್ತಲೇ ಇವೆ. ಟಿಕೆಟ್ ಕಾದಿರಿಸಿದ ಸಂಸ್ಥೆಯಲ್ಲಿ ವಿಚಾರಿಸಿಯೇ ಹೊರಡಬೇಕು.

ಉಬ್ಬಿದರೆ ಏನು ಮಾಡಬೇಕು?

ಕವಚದ ಜೋಡಣೆ ಬಿರುಕು ಬಿಟ್ಟಿದ್ದರೆ, ಸಮತಟ್ಟಾದ ಮೇಜಿನ ಮೇಲಿಟ್ಟಾಗ ಗಿರಕಿ ಹೊಡೆದರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ ಅದರ ಆಯುಷ್ಯ ಮುಗಿದಿದೆ. ಆಮೇಲೆ ಚಾರ್ಜ್ ಮಾಡಬಾರದು, ಚುಚ್ಚಬಾರದು, ರಿಪೇರಿಗೆ ಕೊಡಬಾರದು. ಮನೆಯ ಕಸದೊಂದಿಗೆ ಪಾಲಿಕೆಯ ವಾಹನಕ್ಕೆ ಹಾಕಿದರೆ ಕಸ ಒತ್ತುವಾಗ ಸೆಲ್ ಜಜ್ಜಿ ಬೆಂಕಿ ಹೊತ್ತುವ ಅಪಾಯವಿದೆ, ಅದನ್ನು ಎದುರಿಸುವವರು ಪೌರಕಾರ್ಮಿಕರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದು. ಬ್ಯಾಟರಿಯನ್ನು ಇತರ ಕಸದಿಂದ ಬೇರೆಯಾಗಿ ಒಪ್ಪಿಸುವ ಹೊಣೆ ಬಳಕೆದಾರರದು. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಅಥವಾ ಪರವಾನಗಿ ಹೊಂದಿದ ಇ-ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಕೊಡಬೇಕು. ಅಲ್ಲಿಯವರೆಗೆ ಪೋರ್ಟ್‌ಗಳಿಗೆ ಟೇಪ್ ಅಂಟಿಸಿ, ಮಣ್ಣಿನ ಅಥವಾ ಲೋಹದ ಪಾತ್ರೆಯಲ್ಲಿ ಮರಳಿನ ಮೇಲಿಟ್ಟು, ಮಕ್ಕಳ ಕೈಗೂ ಬಿಸಿಲಿಗೂ ಸಿಗದ ಕಡೆ ಇರಿಸಬೇಕು.