ಅಕ್ಷರಗಳೇ ಆಟವಾಗಿದ್ದ ಕಾಲ

ಕಂಪ್ಯೂಟರ್ ಗೇಮ್ ಎಂದೊಡನೆ ನಿಮ್ಮ ಕಣ್ಣೆದುರು ಬರುವುದು ಓಡುವ ಕಾರು, ಸಿಡಿಯುವ ಬಂದೂಕು. ಒಂದೇ ಒಂದು ಚಿತ್ರವೂ ಇಲ್ಲದ, ಓದಲು ಬಾರದಿದ್ದರೆ ಆಡಲಾಗದಂಥ ಆಟಗಳೂ ಇದ್ದವು ಎಂದರೆ ನಂಬುವಿರಾ? ನೀವು ಎಲ್ಲಿದ್ದೀರಿ, ಸುತ್ತ ಏನಿದೆ ಎಂಬ ವರ್ಣನೆ ಇಂಗ್ಲಿಷಿನಲ್ಲಿ ಪರದೆಯ ಮೇಲೆ ಮೂಡುತ್ತಿತ್ತು. ‘ಉತ್ತರಕ್ಕೆ ಹೋಗು’, ‘ದೀಪ ತೆಗೆದುಕೋ’ ಎಂದು ನೀವು ಟೈಪ್ ಮಾಡಬೇಕು. ಮುಂದೇನಾಯಿತೆಂದು ಕಂಪ್ಯೂಟರ್ ತಿಳಿಸುತ್ತಿತ್ತು.

ಇದನ್ನು ಆರಂಭಿಸಿದವರು ಅಮೆರಿಕದ ಪ್ರೋಗ್ರಾಮರ್ ವಿಲ್ ಕ್ರೌಥರ್. ವಿವಾಹ ವಿಚ್ಛೇದನದ ನಂತರ, 1975-76ರ ಸುಮಾರಿಗೆ, ತಮ್ಮ ಹೆಣ್ಣುಮಕ್ಕಳ ಸಂತೋಷಕ್ಕಾಗಿ ಕೆಂಟಕಿಯ ಮ್ಯಾಮತ್ ಗುಹೆಯ ಒಂದು ಭಾಗವನ್ನೇ ಆಟವಾಗಿಸಿದರು. 1977ರಲ್ಲಿ ಡಾನ್ ವುಡ್ಸ್ ಅದನ್ನು ವಿಸ್ತರಿಸಿದರು. ಅದನ್ನಾಡಿ ಮರುಳಾದ ಎಂ.ಐ.ಟಿ.ಯ ನಾಲ್ವರು ‘ಜೋರ್ಕ್’ ರಚಿಸಿದರು. 1979ರಲ್ಲಿ ಅಲ್ಲಿನ ಬಳಗವೇ ಇನ್ಫೋಕಾಮ್ ಕಂಪೆನಿಯನ್ನು ಸ್ಥಾಪಿಸಿತು. ಮೊದಲ ಆಟಕ್ಕೆ ಎರಡು ಪದಗಳ ಆಜ್ಞೆ ಮಾತ್ರ ತಿಳಿಯುತ್ತಿತ್ತು. ಜೋರ್ಕ್‌ಗೆ ಪೂರ್ಣ ವಾಕ್ಯಗಳೂ ತಿಳಿಯುತ್ತಿದ್ದವು. ಆದರೆ ಜಾಗ ಉಳಿಸಲು ಇನ್ಫೋಕಾಮಿನ ಆಗಿನ ಆಟಗಳು ಪ್ರತಿ ಪದದ ಮೊದಲ ಆರು ಅಕ್ಷರಗಳನ್ನಷ್ಟೇ ಗಮನಿಸುತ್ತಿದ್ದವು. (ವಿಭಕ್ತಿ ಪ್ರತ್ಯಯಗಳೆಲ್ಲ ಪದದ ಕೊನೆಗೇ ಬರುವ ನಮ್ಮ ಕನ್ನಡದಲ್ಲಿ ಈ ಉಪಾಯ ನಡೆಯುತ್ತಿರಲಿಲ್ಲ!)

ಈ ಪರಂಪರೆಯಲ್ಲಿ 1983ರಲ್ಲಿ ಬಂದ ವೈಜ್ಞಾನಿಕ ಕಥೆಯೇ ‘ಪ್ಲಾನೆಟ್‌ಫಾಲ್’. ಆಟಗಳ ತಪ್ಪು ಹುಡುಕುವ ಕೆಲಸಕ್ಕೆಂದು ಕಂಪೆನಿಗೆ ಬಂದ ಸ್ಟೀವ್ ಮೆರೆಟ್ಸ್‌ಕಿಯವರು ಬರೆದ ಮೊದಲ ಆಟವಿದು. ಇಲ್ಲಿ ನೀವು ವೀರನಲ್ಲ, ಬಾಹ್ಯಾಕಾಶ ನೌಕೆಯ ನೆಲ ಉಜ್ಜುವ ಕೆಳದರ್ಜೆಯ ನೌಕರ. ನೌಕೆ ಸ್ಫೋಟಗೊಂಡು, ನಿರ್ಜನ ಗ್ರಹವೊಂದರಲ್ಲಿ ಬಂದು ಬೀಳುತ್ತೀರಿ. ಹಸಿವು, ನಿದ್ದೆ, ದಿನೇ ದಿನೇ ಏರುವ ಕಾಯಿಲೆ ಎಲ್ಲವೂ ಬೆನ್ನಟ್ಟುತ್ತವೆ.

ಅಲ್ಲಿ ನಿಮಗಿರುವ ಜೊತೆಗಾರ ಫ್ಲಾಯ್ಡ್ ಎಂಬ ರೋಬೋಟ್. ಸ್ವಿಚ್ ಹಾಕಿ ಎಬ್ಬಿಸಿದರೆ ಮಗುವಿನಂತೆ ಹಿಂದೆ ಮುಂದೆ ಸುತ್ತುತ್ತಾನೆ. ಆಟವನ್ನು ಡಿಸ್ಕಿನಲ್ಲಿ ಉಳಿಸಿಡಲು ಹೋದರೆ, ಈಗೇನು ಅಪಾಯದ ಕೆಲಸ ಮಾಡಲಿದ್ದೇವಾ ಎಂದು ಹಿಗ್ಗಿನಿಂದ ಕೇಳುತ್ತಾನೆ. ಕೊನೆಕೊನೆಗೆ ವಿಕಾರ ಜೀವಿಗಳು ತುಂಬಿದ ಪ್ರಯೋಗಾಲಯವೊಂದು ಎದುರಾಗುತ್ತದೆ. ಒಳಗಿರುವ ಕಾರ್ಡ್ ಸಿಗದೆ ಗ್ರಹದ ಕಂಪ್ಯೂಟರನ್ನು ಸರಿಪಡಿಸಲಾಗದು. ಫ್ಲಾಯ್ಡ್ ತಾನೇ ಹೋಗುತ್ತೇನೆನ್ನುತ್ತಾನೆ. ಅವನು ಒಳಹೊಕ್ಕ ಕೂಡಲೇ ಬಾಗಿಲು ಮುಚ್ಚಬೇಕಾದವರು ನೀವು. ಕಾದಂಬರಿಯಲ್ಲಾದರೆ ಬೇರೆ ಯಾರೋ ಮುಚ್ಚುತ್ತಿದ್ದರು. ಇಲ್ಲಿ ‘ಮುಚ್ಚು’ ಎಂದು ಟೈಪ್ ಮಾಡಿದ ಬೆರಳು ನಿಮ್ಮದೇ. ಹೊರಗೆ ನಿಂತು ಸದ್ದು ಕೇಳಬೇಕು. ಕಾರ್ಡ್ ಹಿಡಿದು ಬಂದ ಫ್ಲಾಯ್ಡ್ ನಿಮ್ಮ ಮುಂದೆಯೇ ಕೊನೆಯುಸಿರೆಳೆಯುತ್ತಾನೆ. ಎಷ್ಟೋ ಆಟಗಾರರು ಆಗ ಕಣ್ಣೀರಿಟ್ಟರು, ಅದೂ ಮುಖವನ್ನೇ ಕಾಣದ ಯಂತ್ರವೊಂದಕ್ಕಾಗಿ! ಇಂದಿನ ಬಣ್ಣಬಣ್ಣದ ಆಟಗಳಲ್ಲಿ ಇಂಥದ್ದು ಅಪರೂಪವೆಂದೇ ನನ್ನ ಅನಿಸಿಕೆ.

ಚಿತ್ರಗಳ ಆಟಗಳು ಬಂದ ಮೇಲೆ ಇವುಗಳ ಮಾರಾಟ ಕುಸಿಯಿತು. 1986ರಲ್ಲಿ ಆಕ್ಟಿವಿಷನ್ ಪಾಲಾದ ಇನ್ಫೋಕಾಮ್ ಕಚೇರಿ 1989ರಲ್ಲಿ ಮುಚ್ಚಿತು. ಆದರೆ ಆಟಗಳು ಉಳಿದವು. ಅವನ್ನು ಒಂದು ಕಲ್ಪಿತ ಯಂತ್ರಕ್ಕಾಗಿ ಬರೆಯಲಾಗಿತ್ತು. ಆ ಯಂತ್ರವನ್ನು ಅನುಕರಿಸುವ ಸಣ್ಣ ಪ್ರೋಗ್ರಾಂ ಇದ್ದರೆ ಇಂದಿನ ಮೊಬೈಲಿನಲ್ಲೂ ನಡೆಯುತ್ತವೆ. ಆಡುವ ಮನಸ್ಸಿದ್ದವರು ಕಾಗದ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ದಾರಿಯ ನಕ್ಷೆಯನ್ನು ನೀವೇ ಬರೆದುಕೊಳ್ಳಬೇಕಾಗುತ್ತದೆ.