ಮಳಖೇಡದ ಕೋಟೆಗೆ ರೊಟ್ಟಿ ಬುತ್ತಿ

ತೆಂಗಳಿ, ಚಿತ್ತಾಪುರ, ಸೇಡಂ ಕಡೆಯ ಮಂದಿ ಮಕ್ಕಳನ್ನು ಕರೆದುಕೊಂಡು ಮಳಖೇಡದ ಕೋಟೆ ನೋಡಲು ಹೊರಟರೆಂದರೆ ಮೊದಲು ಸಿದ್ಧವಾಗುವುದು ಬುತ್ತಿ. ಬಿಳಿ ಅರಿವೆಯಲ್ಲಿ ಕಟ್ಟಿದ ಕಡಕ್ ಜೋಳದ ರೊಟ್ಟಿ, ಡಬ್ಬಿಯಲ್ಲಿ ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು, ಒಂದೆರಡು ಉಳ್ಳಾಗಡ್ಡಿ. ಹಂಚಿನ ಮೇಲೆ ಬೆಂದು ಒಲೆಯ ಕಾವಿಗೆ ಒಣಗಿದ ಆ ರೊಟ್ಟಿಯಲ್ಲಿ ನೀರಿನ ಪಸೆ ಇರುವುದಿಲ್ಲ. ವಾರಗಟ್ಟಲೆ ಇಟ್ಟರೂ ಕೆಡದು. ಗೋಡೆಯ ನೆರಳಲ್ಲಿ ಕೂತು, ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು, ಹಿಂಡಿಗೆ ಮೊಸರು ಕಲಸಿ, ರೊಟ್ಟಿ ಮುರಿದರೆ ಊಟ ಶುರು.

ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ. ಇಂದು ನಮ್ಮ ಕೈಗೆ ಸಿಗುವ ಮೊದಲ ಕನ್ನಡ ಕೃತಿ ‘ಕವಿರಾಜಮಾರ್ಗ’ ಶ್ರೀವಿಜಯನ ಕೈಯಲ್ಲಿ ರೂಪುಗೊಂಡದ್ದು ಇದೇ ಆಸ್ಥಾನದಲ್ಲಿ. ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದದ್ದೂ ಇದೇ ಅರಸನ ಕಾಲದಲ್ಲಿ. 851ರ ಅರಬ್ಬಿ ಬರಹವೊಂದು ‘ಬಲ್ಹರಾ’, ಅಂದರೆ ವಲ್ಲಭರಾಜನನ್ನು, ಲೋಕದ ನಾಲ್ಕು ದೊಡ್ಡ ಅರಸರ ಸಾಲಿನಲ್ಲಿ ಹೆಸರಿಸುತ್ತದೆ. ಬಾಗ್ದಾದಿನ ಖಲೀಫ, ಚೀನದ ದೊರೆಯ ಜೊತೆಗೆ ಮಳಖೇಡದ ಒಡೆಯ!

ಆ ಒಡೆಯನ ಮುಂದೆ ಇವತ್ತಿನ ಬುತ್ತಿ ಬಿಚ್ಚಿದ್ದರೆ ಅರ್ಧ ಗುರುತು ಹಿಡಿಯುತ್ತಿದ್ದ, ಅರ್ಧಕ್ಕೆ ಬೆರಗಾಗುತ್ತಿದ್ದ. ಆಫ್ರಿಕಾದಿಂದ ಬಂದ ಜೋಳ ಅವನ ಕಾಲಕ್ಕಾಗಲೇ ಸಾವಿರಾರು ವರ್ಷಗಳಿಂದ ಈ ದೇಶದ ಹೊಲದಲ್ಲಿತ್ತು. ತೊಗರಿ, ಎಳ್ಳು, ಅಗಸಿಯೂ ಹಳೆಯವೇ. ಶೇಂಗಾ ಮತ್ತು ಮೆಣಸಿನಕಾಯಿ ಮಾತ್ರ ಅವನಿಗೆ ಗೊತ್ತಿರಲು ಸಾಧ್ಯವಿಲ್ಲ; ಅಮೆರಿಕ ಖಂಡದ ಆ ಬೆಳೆಗಳು ಇಲ್ಲಿಗೆ ಬಂದದ್ದು ಪೋರ್ಚುಗೀಸರು ಕಡಲ ದಾರಿ ಹಿಡಿದ ಮೇಲೆ. ಅಲ್ಲಿಯವರೆಗೆ ನಾಲಿಗೆ ಚುರುಗುಡಿಸಿದ್ದು ಕರಿಮೆಣಸು, ಹಿಪ್ಪಲಿ, ಶುಂಠಿ. ಕೆಂಪು ಖಾರವಿಲ್ಲದ ಕಲಬುರಗಿ ಊಟವನ್ನು ಊಹಿಸುವುದೇ ಕಷ್ಟ. ತೊಗರಿಗೆ ಮಾತ್ರ ಅಂದಿಗೂ ಇಂದಿಗೂ ಇದೇ ಮಣ್ಣು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು.

ಈಗ ಕಾಣುವ ಗೋಡೆ, ಬುರುಜುಗಳಲ್ಲಿ ನಂತರದ ಅರಸರ ಕಾಲದ ಕೆಲಸವೂ ಸೇರಿದೆ. ಕಲ್ಲು ಮಾತ್ರ ಇದೇ ಸೀಮೆಯದು. ಇಲ್ಲಿನ ನೆಲದ ಸುಣ್ಣಕಲ್ಲು ಪದರ ಪದರವಾಗಿ ಏಳುತ್ತದೆ. ಉಳಿಯಿಟ್ಟು ಸರಿಯಾದ ಸಂದಿಗೆ ಹೊಡೆದರೆ ಹಲಗೆಯಂತೆ ಬಿಡಿಸಿಕೊಳ್ಳುತ್ತದೆ. ಶಹಾಬಾದಿನ ಹೆಸರಲ್ಲಿ ದೂರದೂರದ ಮನೆಗಳ ನೆಲಕ್ಕೆ ಹೋದ ಫರಸಿ ಅದೇ.

ಕೋಟೆ ನೋಡಿ ಹಾಗೇ ತಿರುಗಿ ಹೋಗುವವರು ನೇಮಿನಾಥ ಬಸದಿಯನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಅಲ್ಲಿ ಸಣ್ಣ ಸಣ್ಣ ತೀರ್ಥಂಕರ ಬಿಂಬಗಳು ಸಾಲುಗಟ್ಟಿದ ಲೋಹದ ಪುಟ್ಟ ಮಂಟಪವೊಂದಿದೆ. ಒಂದೊಂದೇ ಬಿಂಬ ನೋಡುತ್ತ ಹೋದರೆ ಹೊತ್ತು ಹೋದದ್ದೇ ತಿಳಿಯದು. ಆಷಾಢದಲ್ಲಿ ಬಂದರೆ ಊರಲ್ಲಿ ಮಾಧ್ವ ಯತಿ ಜಯತೀರ್ಥರ ಆರಾಧನೆಯ ಜನಸಂದಣಿ.

ನಗರ ಬಿದ್ದದ್ದು 972ರಲ್ಲಿ. ಮಾಳವದ ಪರಮಾರ ಸೀಯಕ ನುಗ್ಗಿ ಸೂರೆ ಮಾಡಿದ. ಅಪಭ್ರಂಶದಲ್ಲಿ ‘ಮಹಾಪುರಾಣ’ ಬರೆದ ಪುಷ್ಪದಂತ ಇಲ್ಲೇ ಆಶ್ರಯ ಪಡೆದಿದ್ದವನು; ಊರು ಹಾಳಾದ ಸಂಕಟವನ್ನು ಅವನು ಬರೆದಿಟ್ಟಿದ್ದಾನೆ. ಗೆದ್ದವರ ನಾಡಿನಲ್ಲಿ ಧನಪಾಲನೆಂಬ ಕವಿ ತನ್ನ ತಂಗಿ ಸುಂದರಿಗಾಗಿ ಒಂದು ಪ್ರಾಕೃತ ನಿಘಂಟು ಮಾಡಿಕೊಟ್ಟ. ಯಾವ ವರ್ಷ ಮುಗಿಸಿದೆ ಎಂದು ಹೇಳುವಾಗ ಆತ ಕೊಟ್ಟ ಗುರುತು, ಮಾನ್ಯಖೇಟ ಕೊಳ್ಳೆಹೋದ ವರ್ಷ ಎಂದು.